ಗಿಟುಕಾಗದ ಬ್ರೌಸರ್

“ಅಮ್ಮ, ತಾತ ಯಾಕೆ ನಿನ್ನ ಲ್ಯಾಪ್‌ಟಾಪನ್ನ ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸ್ತೈತೆ?”

ಇಂಪನಾ ಹೀಗೆ ಕೇಳಿದಾಗ ಲಿಖಿತಾ ಉಪ್ಪಿಟ್ಟಿನ ಮೇಲೆ ಕಾಯಿತುರಿ ಉದುರಿಸುತ್ತಿದ್ದಳು. ತುರಿಯ ಬಟ್ಟಲನ್ನು ಅಲ್ಲೇ ಕುಕ್ಕಿ ನಡುಮನೆಗೆ ಓಡಿ ಬಂದಳು. ಮಗಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮಾವ ಹಾಲಸ್ವಾಮಿಯವರು ಗಂಜಿ ಹಾಕಿದ ಬಿಳಿ ಪಂಚೆಯುಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡು, ಕಣ್ಣು ಮುಚ್ಚಿ, ಲ್ಯಾಪ್‌ಟಾಪನ್ನು ಬಲಗಿವಿಯ ಪಕ್ಕ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು.

“ಮಾವ, ಏನ್ಮಾಡ್ತಾ ಇದೀರಿ?”

“ಶ್... ತಡಿಯಮ್ಮ. ಒಳಗೇನೋ ಬುಟ್ಕೊಂಡಂಗೈತೆ.”

ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರ ಕೈಗೆ ಒಳಗೇನಿದೆ ಎಂದು ಗೊತ್ತಾಗದ ವಸ್ತು ಯಾವುದು ಸಿಕ್ಕರೂ ಅದು ತಾನಾಗಿಯೇ ಕಿವಿಯ ಹತ್ತಿರ ಹೋಗುತ್ತದೆ. ವರ್ಷಗಟ್ಟಲೆ ಅಟ್ಟದ ಮೇಲೆ ಮಲಗಿದ ಕಾಯಿಯನ್ನು ಅಲ್ಲಾಡಿಸಿದಾಗ ನೀರಿನ ಸದ್ದು ಬಂದರೆ ಮತ್ತೆ ಮಲಗಿಸಬೇಕು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಎಂದರೆ ಗಿಟುಕಾಯಿತು, ಇಳಿಸಿ ಸುಲಿಯಬಹುದು. ಈ ವಿದ್ಯೆಯಲ್ಲಿ ಹಾಲಸ್ವಾಮಿಯವರ ಕಿವಿ ಕೊಟ್ಟ ತೀರ್ಪಿನ ಮೇಲೆ ಊರಿನಲ್ಲಿ ಯಾರೂ ಅಪೀಲು ಹೋಗುತ್ತಿರಲಿಲ್ಲ. ಆದರೆ ಲ್ಯಾಪ್‌ಟಾಪಿನ ವಿಷಯದಲ್ಲಿ ಅವರಿಗೂ ಅನುಮಾನವಿತ್ತು. ಇನ್ನೊಂದು ಸಲ ಅಲ್ಲಾಡಿಸಿ, “ಇನ್ನೂ ಹಸಿ ಐತೆ” ಎಂದು ಸೊಸೆಯ ಕೈಗೆ ಕೊಟ್ಟರು.

“ಅದನ್ನ ಯಾಕೆ ಅಲ್ಲಾಡಿಸಿದ್ರಿ ಮಾವ?”

“ಇಂಟರ್‌ನೆಟ್ ತೆಗ್ಯಾಣ ಅಂತ ಆ ಗುಂಡಗಿರೋ ಚಿತ್ರ ಒತ್ತಿದ್ನಮ್ಮ. ಇಣುಕಿ ನೋಡ್ತು, ಮುಖ ಕಂಡಿದ್ದೇ ವಾಪಸ್ ಹೋಯ್ತು.”

ಲಿಖಿತಾ ಒತ್ತಿ ನೋಡಿದಳು. ಬ್ರೌಸರ್‌ನ ಕಿಟಕಿ ಪರದೆಯ ಮೇಲೆ ಒಮ್ಮೆ ಮಿಂಚಿತು, ಮಾಯವಾಯಿತು. ಮತ್ತೆ ಒತ್ತಿದಳು. ಮತ್ತೆ ಇಣುಕಿತು, ಮತ್ತೆ ಹೋಯಿತು. ಸಾಲ ಕೊಟ್ಟವನನ್ನು ಕಂಡು ಬಾಗಿಲು ಹಾಕಿಕೊಂಡವರ ಹಾಗೆ.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಮುಚ್ಚಿಟ್ಟು ಉಪ್ಪಿಟ್ಟು ತಿನ್ನಬಹುದಿತ್ತು. ಇವತ್ತು ಹಾಗಿರಲಿಲ್ಲ. ಹಾಸನದ ಕಡೆಯ ತೆಂಗು ಬೆಳೆಗಾರರ ಬಳಗವೊಂದು ಆನ್‌ಲೈನಿನಲ್ಲಿ ತಿಂಗಳಿಗೊಂದು ಮಾತುಕತೆ ನಡೆಸುತ್ತಿತ್ತು. ಈ ತಿಂಗಳು ‘ಅಟ್ಟದ ಕೊಬ್ಬರಿ: ಅನುಭವದ ಮಾತು’ ಎಂಬ ವಿಷಯದ ಮೇಲೆ ಮಾತನಾಡಲು ಹಾಲಸ್ವಾಮಿಯವರನ್ನು ಕರೆದಿದ್ದರು. ಇಷ್ಟು ವರ್ಷ ಅವರ ಕೊಬ್ಬರಿಗೆ ಮಾರುಕಟ್ಟೆಯಲ್ಲಿ ಕರೆ ಬಂದಿತ್ತೇ ಹೊರತು ಅವರ ಮಾತಿಗೆ ಎಲ್ಲಿಂದಲೂ ಬಂದಿರಲಿಲ್ಲ. ಮಾಯಸಂದ್ರದ ಬೀಗರಿಗೆ ಹೇಳಿಯಾಗಿತ್ತು. ದಂಡಿನಶಿವರದ ಗೆಳೆಯ ಗಂಗರಾಜುವಿಗೆ ಎರಡೆರಡು ಸಲ ಹೇಳಿಯಾಗಿತ್ತು, ಏಕೆಂದರೆ ಗಂಗರಾಜು ಮೊದಲ ಸಲ ನಂಬಿರಲಿಲ್ಲ. ಹನ್ನೊಂದಕ್ಕೆ ಕಾರ್ಯಕ್ರಮ. ಹತ್ತು ಹೊಡೆದು ಆಗಲೇ ಸ್ವಲ್ಪ ಹೊತ್ತಾಗಿತ್ತು.

ಇದೆಲ್ಲದರ ತಾಂತ್ರಿಕ ಹೊಣೆ ಹೊತ್ತವಳು ಲಿಖಿತಾ. ಯಾರೂ ಹೊರಿಸಿದ್ದಲ್ಲ, ತಾನಾಗಿ ಎಳೆದು ತಲೆಯ ಮೇಲೆ ಹಾಕಿಕೊಂಡದ್ದು. ತುರುವೇಕೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಅವಳ ಗಂಡ ಭುವನ್, ಹೋದ ಭಾನುವಾರ ಊಟಕ್ಕೆ ಕೂತಾಗ, “ಅಪ್ಪನ್ನ ನಮ್ಮ ಕಾಲೇಜಿಗೇ ಕರ್ಕೊಂಡು ಹೋಗ್ತೀನಿ, ಅಲ್ಲಿ ಕಂಪ್ಯೂಟರ್ ಲ್ಯಾಬ್ ಇದೆ” ಎಂದಿದ್ದ.

ಲಿಖಿತಾ ಸಾರಿನ ಸೌಟನ್ನು ರಾಜದಂಡದ ಹಾಗೆ ಎತ್ತಿ ಹಿಡಿದಿದ್ದಳು.

“ಬಿಸಿಎ ಓದಿರೋ ಸೊಸೆ ಮನೇಲಿರುವಾಗ ಲ್ಯಾಬ್ ಯಾಕ್ರೀ? ನನ್ನ ಲ್ಯಾಪ್‌ಟಾಪಲ್ಲಿರೋದು ಲಿನಕ್ಸ್. ನಾನೇ ಕೈಯಾರೆ ಹಾಕಿರೋದು. ವೈರಸ್ ಹತ್ತಿರ ಸುಳಿಯಲ್ಲ, ಹ್ಯಾಂಗ್ ಆಗಲ್ಲ, ಬೀಳೋ ಮಾತೇ ಇಲ್ಲ. ಕಲ್ಲುಗುಂಡು.”

“ಕಲ್ಲುಗುಂಡು ಅಂದ್ರೆ ಮಾತಾಡುತ್ತಾ?” ಎಂದು ಅತ್ತೆ ಮೀನಾಕ್ಷಮ್ಮ ಆಗಲೇ ಕೇಳಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಫೋನಿನಲ್ಲಿ ಕೆಲಸ ಸಾಗಿಸೋಣವೆಂದರೆ ಮಾವನದು ಗುಂಡಿ ಒತ್ತುವ ಫೋನು. ಲಿಖಿತಾಳ ಫೋನು ಮೊನ್ನೆ ದನದ ಕಲಗಚ್ಚಿನ ಬಾನಿಗೆ ಬಿದ್ದಿತ್ತು. ಒಣಗಿಸಿ ತೆಗೆದ ಮೇಲೆ ಆ ಕಡೆಯವರ ಮಾತು ಇವಳಿಗೆ ಕೇಳುತ್ತಿತ್ತು, ಇವಳ ಮಾತು ಅವರಿಗೆ ಕೇಳುತ್ತಿರಲಿಲ್ಲ. ಇದು ರಿಪೇರಿಯೋ ಕೆಟ್ಟದ್ದೋ ಎಂಬುದರ ಬಗ್ಗೆ ಅತ್ತೆಗೂ ಅವಳಿಗೂ ಭಿನ್ನಾಭಿಪ್ರಾಯವಿತ್ತು.

“ಐದು ನಿಮಿಷ ಮಾವ. ನೀವು ಭಾಷಣ ಅಭ್ಯಾಸ ಮಾಡ್ಕೊಳ್ಳಿ” ಎಂದು ಲಿಖಿತಾ ಲ್ಯಾಪ್‌ಟಾಪನ್ನು ಮಂಚದ ಮೇಲಿಟ್ಟುಕೊಂಡು ಕೂತಳು.

ಮೊದಲು ಪ್ರಪಂಚದ ಎಲ್ಲ ಯಂತ್ರಗಳಿಗೂ ಹೊಂದುವ ಮದ್ದು, ಆರಿಸಿ ಹಚ್ಚುವುದು. ಆರಿಸಿದಳು, ಹಚ್ಚಿದಳು. ಬ್ರೌಸರ್ ಇಣುಕಿತು, ಹೋಯಿತು. ಮುಂದಿನ ಕೋಣೆಯಿಂದ ಮಾವನ ಅಭ್ಯಾಸ ಕೇಳುತ್ತಿತ್ತು. “ಮಹನೀಯರೇ, ಮಹಿಳೆಯರೇ... ಇಲ್ಲ, ಮಹಿಳೆಯರೇ, ಮಹನೀಯರೇ... ಅಟ್ಟ ಅಂದರೆ ಏನು?”

ಎರಡನೆಯದಾಗಿ, ಹಿಂದಿನ ಸಲದ ಬ್ರೌಸರ್ ಸಾಯದೆ ಒಳಗೆಲ್ಲೋ ಉಸಿರಾಡುತ್ತಿರಬಹುದು ಎಂಬ ಸಂಶಯ. ಕಪ್ಪು ಪರದೆಯ ಟರ್ಮಿನಲ್ ತೆರೆದು ಅದನ್ನು ಹುಡುಕಿ ಕೊಲ್ಲುವ ಆಜ್ಞೆ ಹೊಡೆದಳು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಇಂಪನಾ, “ಅಮ್ಮ, ‘ಕಿಲ್’ ಅಂದ್ರೆ ಸಾಯಿಸೋದು ಅಲ್ವಾ? ಪಾಪ” ಎಂದಳು. ಪಾಪವಂತೂ ಬಂತು, ಫಲ ಬರಲಿಲ್ಲ.

ಮೂರನೆಯದಾಗಿ, ಬ್ರೌಸರ್ ತಾನು ಓಡುತ್ತಿದ್ದೇನೆಂದು ಗುರುತಿಗೆ ಇಟ್ಟುಕೊಳ್ಳುವ ಬೀಗದ ಕಡತವನ್ನು ಅಳಿಸಿದಳು. ನಾಲ್ಕನೆಯದಾಗಿ, ಹೆಚ್ಚುವರಿ ಸಾಮಾನುಗಳನ್ನೆಲ್ಲ ಹೊರಗಿಟ್ಟು ಬರಿಮೈಯಲ್ಲಿ ಓಡಿಸುವ ‘ಸೇಫ್ ಮೋಡ್’ ಹಚ್ಚಿದಳು. ಈ ಸಲ ಇಣುಕಲೂ ಇಲ್ಲ.

ಅಷ್ಟರಲ್ಲಿ ಭುವನ್‌ಗೆ ವಿಷಯ ಹೇಗೋ ಗೊತ್ತಾಗಿ ಅಪ್ಪನ ಫೋನಿಗೆ ಕರೆ ಮಾಡಿ ಲಿಖಿತಾಳನ್ನು ಕೇಳಿದ. ಹೇಗೋ ಎಂದರೆ, ಮೀನಾಕ್ಷಮ್ಮ ಹೇಳಿದ್ದರು.

“ಏನಂತೆ ನಿನ್ನ ಕಲ್ಲುಗುಂಡು?”

“ಸಣ್ಣ ವಿಷಯ ಕಣ್ರೀ. ಪ್ರೊಫೈಲ್ ಕೆಟ್ಟಿರ್ಬೇಕು.”

“ರೀಸ್ಟಾರ್ಟ್ ಮಾಡಿದ್ಯಾ?”

“ನಿಮ್ಮ ಲ್ಯಾಬಲ್ಲಿ ಆಸಿಡ್ ಚೆಲ್ಲಿದ್ರೆ ನೀರು ಹಾಕಿದ್ರಾ ಅಂತ ನಾನು ಕೇಳ್ತೀನಾ?”

“ಕೇಳಿದ್ರೆ ಒಳ್ಳೇದೇ. ಸರಿ, ನನಗೆ ಕ್ಲಾಸಿದೆ. ಅಪ್ಪನ್ನ ಅಳಿಸ್ಬೇಡ.”

ಐದನೆಯದು ದೊಡ್ಡ ಶಸ್ತ್ರಚಿಕಿತ್ಸೆ. ಬ್ರೌಸರ್‌ನ ನೆನಪು, ಗುರುತುಗಳೆಲ್ಲ ಇರುವ ಹಳೆಯ ಪ್ರೊಫೈಲಿನ ಹೆಸರು ಬದಲಿಸಿ ಪಕ್ಕಕ್ಕೆ ಸರಿಸಿದರೆ ಬ್ರೌಸರ್ ತನಗೆ ತಾನೇ ಹೊಸ ಸಂಸಾರ ಹೂಡಿಕೊಳ್ಳುತ್ತದೆ, ಕಾಲೇಜಿನಲ್ಲಿ ಕಲಿತದ್ದು. ಸರಿಸಿದಳು. ಬ್ರೌಸರ್ ಹೊಸ ಸಂಸಾರ ಹೂಡಲಿಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂದು ಒಂದು ಚೌಕಟ್ಟಿನಲ್ಲಿ ದೂರು ಬರೆದು ತೋರಿಸಿತು. ಸುಮ್ಮನಿದ್ದಿದ್ದರೆ ಇಣುಕಿಯಾದರೂ ನೋಡುತ್ತಿತ್ತು.

“ಆಯ್ತಾ ಅಮ್ಮಯ್ಯ?” ಎಂದು ಹಾಲಸ್ವಾಮಿಯವರು ಬಾಗಿಲಲ್ಲಿ ನಿಂತು ಕೇಳಿದರು. ಹೆಗಲ ಮೇಲಿದ್ದ ವಲ್ಲಿಯನ್ನು ಮಡಿಚಿ ಬಿಚ್ಚಿ, ಮಡಿಚಿ ಬಿಚ್ಚಿ, ಗಂಜಿಯೆಲ್ಲ ಹೋಗಿತ್ತು. “ಆಗ್ಲಿಲ್ಲ ಅಂದ್ರೆ ಬುಡಮ್ಮ. ಅವ್ರಿಗೊಂದು ಮಾತು ಹೇಳ್ಬುಡಾಣ. ಮುಂದಿನ ತಿಂಗಳು ಬೇರೆ ಯಾರ್ನಾದ್ರೂ ಕರ್ಕೋತಾರೆ.”

ಆ ‘ಬೇರೆ ಯಾರ್ನಾದ್ರೂ’ ಎಂಬುದನ್ನು ಅವರು ತೀರ ಮೆತ್ತಗೆ ಹೇಳಿದರು. ಬೈದಿದ್ದರೆ ವಾಸಿಯಿತ್ತು ಎನಿಸಿತು ಲಿಖಿತಾಳಿಗೆ.

“ಇಲ್ಲ ಮಾವ. ಬ್ರೌಸರ್ರನ್ನೇ ತೆಗೆದು ಹೊಸದು ಹಾಕ್ತೀನಿ. ಎರಡೇ ನಿಮಿಷ.”

ಹೊಸದಾಗಿ ಹಾಕುವ ಆಜ್ಞೆ ಹೊಡೆದಳು. ಟರ್ಮಿನಲ್ಲು ಸ್ವಲ್ಪ ಹೊತ್ತು ಓಡಿ, ನಿಂತು, ಒಂದು ಸಾಲು ಬರೆಯಿತು. ಲಿಖಿತಾ ಆ ಸಾಲನ್ನು ಓದಿದಳು. ಇನ್ನೊಂದು ಸಲ ಓದಿದಳು. ಡಿಸ್ಕಿನಲ್ಲಿ ಜಾಗವಿಲ್ಲ ಎಂದಿತ್ತು ಅದು. ಒಂದು ಚೂರೂ ಇಲ್ಲ. ಬ್ರೌಸರ್ ತೆರೆದಾಗ ಅದಕ್ಕೆ ಏನೋ ಒಂದಿಷ್ಟು ಬರೆದಿಟ್ಟುಕೊಳ್ಳಬೇಕು, ಬರೆಯಲು ಜಾಗವಿಲ್ಲದೆ ಬಿದ್ದು ಹೋಗುತ್ತಿತ್ತು, ಅಷ್ಟೆ. ಎರಡು ವಾರದಿಂದ ಪರದೆಯ ಮೂಲೆಯಲ್ಲಿ ಬಂದು ಬಂದು ಇದನ್ನೇ ಹೇಳುತ್ತಿದ್ದ ಪುಟ್ಟ ಎಚ್ಚರಿಕೆಯನ್ನು ಲಿಖಿತಾ ದಿನವೂ, ನೊಣ ಓಡಿಸಿದ ಹಾಗೆ, ಮುಚ್ಚುತ್ತಾ ಬಂದಿದ್ದಳು.

“ಏನಂತೆ?” ಎಂದರು ಮಾವ.

“ಜಾಗ ಇಲ್ವಂತೆ ಮಾವ. ಒಳಗೆ ತುಂಬಿಹೋಗಿದೆ.”

“ಅಟ್ಟ ತುಂಬೈತೆ ಅನ್ನು.” ಹಾಲಸ್ವಾಮಿಯವರ ಮುಖ ಬೆಳಗಿತು. ಈ ಹೊತ್ತಿನವರೆಗೆ ಅರ್ಥವಾಗದ ಭಾಷೆಯಲ್ಲಿ ನಡೆಯುತ್ತಿದ್ದ ಕಾಯಿಲೆ ಈಗ ಅವರ ಊರಿನದೇ ಆಗಿತ್ತು. “ತುಂಬಿದ್ರೆ ಇಳಿಸ್ಬೇಕು. ಅದ್ಕೇನಮ್ಮ ಇಷ್ಟು ಹೊತ್ತು?”

“ಮಾವ, ಬೇಜಾರು ಮಾಡ್ಕೋಬೇಡಿ” ಎಂದಳು ಲಿಖಿತಾ, ತೀರ್ಪು ಕೊಡುವವಳ ಗಾಂಭೀರ್ಯದಿಂದ. “ನೀವು ದಿನಾ ಕೊಬ್ಬರಿ ರೇಟಿನ ಪಟ್ಟಿ ಇಳಿಸಿಕೊಳ್ತೀರಲ್ಲ, ಹವಾಮಾನ, ವಚನದ ಹಾಡು ಅಂತೆಲ್ಲ, ಅದೆಲ್ಲ ಸೇರಿ ಹೀಗಾಗಿದೆ.”

“ನನ್ನಿಂದಲಾ?” ಹಾಲಸ್ವಾಮಿಯವರು ಮಂಚದ ತುದಿಗೆ ಕುಸಿದು ಕೂತರು.

“ಹೇಳಿದ್ನಲ್ರೀ, ಹಾಳುಮೂಳೆಲ್ಲ ತುಂಬಬ್ಯಾಡಿ ಅಂತ” ಎಂದರು ಅಡುಗೆಮನೆಯ ಬಾಗಿಲಿಂದ ಮೀನಾಕ್ಷಮ್ಮ. ಅವರು ಹಾಗೆ ಯಾವತ್ತೂ ಹೇಳಿರಲಿಲ್ಲ.

ಯಾರ ಸಾಮಾನು ಎಷ್ಟು ಜಾಗ ಹಿಡಿದಿದೆ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ತೋರಿಸುವ ಆಜ್ಞೆಯೊಂದಿದೆ. ಲಿಖಿತಾ ಅದನ್ನು ಹೊಡೆದು, ಸಾಕ್ಷಿ ಸಮೇತ ಮಾವನಿಗೆ ತೋರಿಸಲು ಪರದೆಯನ್ನು ಅವರ ಕಡೆ ತಿರುಗಿಸಿದಳು. ಮಾವನ ಹೆಸರಿನ ಕಡತ ಮೊದಲ ಸಾಲಿನಲ್ಲಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಕೆಳಗೆ, ತೀರ ಕೆಳಗೆ, ಜಾಗವೇ ಹಿಡಿಯದ ಬಡಪಾಯಿಯ ಹಾಗೆ ಮುದುರಿ ಕೂತಿತ್ತು. ಮೊದಲ ಸಾಲಿನಲ್ಲಿ, ಡಿಸ್ಕಿನ ಮುಕ್ಕಾಲು ಪಾಲನ್ನು ನುಂಗಿ ಕಾಲು ಚಾಚಿ ಮಲಗಿದ್ದ ಕಡತದ ಹೆಸರು ‘ಇಂಪು’.

ಫೋನು ತುಂಬಿತೆಂದು ಲಿಖಿತಾ ಮಗಳ ವಿಡಿಯೋಗಳನ್ನೆಲ್ಲ ಅಲ್ಲಿ ಸುರಿದು ಫೋನು ಖಾಲಿ ಮಾಡುತ್ತಿದ್ದಳು. ಒಂದೊಂದಕ್ಕೂ ಹೆಸರಿಟ್ಟಿದ್ದಳು. ‘ಇಂಪು ಸೀನಿದ್ದು’. ‘ಇಂಪು ಸೀನಿದ್ದು, ಎರಡನೇ ಸಲ’. ‘ಇಂಪು ಸೀನಲಿಲ್ಲ’. ‘ಇಂಪು ಮಲಗಿದೆ’, ‘ಇಂಪು ಇನ್ನೂ ಮಲಗಿದೆ’, ‘ಇಂಪು ಪಕ್ಕ ತಿರುಗಿತು’. ಮಾವನ ಒಂದು ವರ್ಷದ ಕೊಬ್ಬರಿ ರೇಟುಗಳೆಲ್ಲ ಸೇರಿ ಮೊಮ್ಮಗಳ ಒಂದು ಸೀನಿಗೆ ಸಮನಾಗಲಿಲ್ಲ.

ಹಾಲಸ್ವಾಮಿಯವರು ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಓದಿದರು. ‘ಇಂಪು ಸೀನಲಿಲ್ಲ’ ಎಂಬಲ್ಲಿ ಬೆರಳಿಟ್ಟು ಇನ್ನೊಂದು ಸಲ ಓದಿದರು.

“ಇಳಿಸಮ್ಮ” ಎಂದರು ಕೊನೆಗೆ. “ಯಾವ್ದು ಗಿಟುಕಾಗೈತೋ ಅದನ್ನ ತೆಗಿ.”

ಆದರೆ ತಾಯಿಗೆ ಯಾವುದು ಗಿಟುಕು, ಯಾವುದು ಹಸಿ? ಸೀನನ್ನು ಅಳಿಸಲು ಬೆರಳಿಟ್ಟರೆ, ಸೀನಿದ ಮೇಲೆ ಮಗು ಬೆರಗಾಗಿ ಸುತ್ತ ನೋಡಿದ್ದು ನೆನಪಾಯಿತು. ಪಕ್ಕ ತಿರುಗಿದ್ದನ್ನು ಅಳಿಸೋಣವೆಂದರೆ ಅದು ಮೊದಲ ಸಲ ತಿರುಗಿದ್ದು. ಪೆನ್‌ಡ್ರೈವಿಗಾದರೂ ಹಾಕೋಣವೆಂದರೆ ಮನೆಯಲ್ಲಿದ್ದ ಒಂದೇ ಪೆನ್‌ಡ್ರೈವ್ ಭುವನನ ಕಾರಿನಲ್ಲಿ ಹಾಡು ಹೇಳುತ್ತಾ ತುರುವೇಕೆರೆಗೆ ಹೋಗಿತ್ತು. ಗೋಡೆಯ ಗಡಿಯಾರದ ಮುಳ್ಳು ಹನ್ನೊಂದರ ಸೆರಗು ಹಿಡಿದಿತ್ತು.

“ಎಲ್ಲಕ್ಕಿಂತ ದಪ್ಪ ಯಾವ್ದೈತೆ, ಅದೊಂದನ್ನ ಇಳಿಸಿದ್ರೆ ಸಾಕಲ್ವಾ?” ಎಂದರು ಮೀನಾಕ್ಷಮ್ಮ, ಹತ್ತಿರ ಬಂದು.

ಎಲ್ಲಕ್ಕಿಂತ ದಪ್ಪನೆಯದಕ್ಕೆ ಹೆಸರಿರಲಿಲ್ಲ. ಏನೆಂದು ನೋಡಲು ಲಿಖಿತಾ ಒತ್ತಿದಳು.

ತೋಟದ ಬಾವಿಯ ಪಕ್ಕದ ದಾರಿ. ಬಿದ್ದ ತೆಂಗಿನ ಸೋಗೆಯ ಮೇಲೆ ಇಂಪನಾ ಕಾಲು ಚಾಚಿ ಕೂತಿದ್ದಾಳೆ, ಕೈಯಲ್ಲೊಂದು ಕಡ್ಡಿ. ಸೋಗೆಯ ದಿಂಡನ್ನು ಎರಡೂ ಕೈಯಲ್ಲಿ ಹಿಡಿದು, ಪಂಚೆ ಎತ್ತಿ ಕಟ್ಟಿ, ಬೆನ್ನು ಬಗ್ಗಿಸಿ ಎಳೆಯುತ್ತಿರುವವರು ಹಾಲಸ್ವಾಮಿಯವರು. ಊರಿನ ಪಂಚಾಯಿತಿಯಲ್ಲಿ ಗಂಟಲು ಸರಿಮಾಡಿಕೊಂಡರೆ ಸಾಕು, ಜಗಳ ನಿಲ್ಲಿಸುವ ಅದೇ ಹಾಲಸ್ವಾಮಿಯವರು. “ನೋಡ್ಕೊಂಡು ಕೂತ್ಕೊ ಕಂದಾ, ಬಿದ್ದೀಯ” ಎನ್ನುತ್ತಾರೆ. “ತಾತ, ಎತ್ತು ಮಾತಾಡಲ್ಲ. ಅಂಬಾ ಅನ್ಬೇಕು” ಎಂದು ಕಡ್ಡಿ ಬೀಸುತ್ತಾಳೆ ಮೊಮ್ಮಗಳು. ತಾತ ಒಮ್ಮೆ ಅತ್ತ ಇತ್ತ ನೋಡಿ, ಕತ್ತು ಚಾಚಿ, “ಅಂಬಾ...” ಎನ್ನುತ್ತಾರೆ. ಆಮೇಲೆ ರುಚಿ ಹತ್ತಿ ಕೇಳದಿದ್ದರೂ ಅನ್ನುತ್ತಾರೆ. ಲಿಖಿತಾ ಅವತ್ತು ಫೋನನ್ನು ಬಾವಿಯ ಕಟ್ಟೆಗೆ ಒರಗಿಸಿಟ್ಟು, ವಿಡಿಯೋ ನಿಲ್ಲಿಸುವುದನ್ನೇ ಮರೆತಿದ್ದಳು. ತಾತ ಮೊಮ್ಮಗಳು ಹೋದ ಮೇಲೂ ಬಹಳ ಹೊತ್ತು, ಒಂದು ಕೋಳಿ ಆ ದಾರಿಯಲ್ಲಿ ಏನನ್ನೋ ಹುಡುಕುವುದು ಅದರಲ್ಲಿ ದಾಖಲಾಗಿತ್ತು.

ಮೀನಾಕ್ಷಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆ ಹಿಡಿದರು. “ಅಯ್ಯೋ ಶಿವನೇ. ಮದ್ವೆಯಾಗಿ ಬಂದಾಗಿಂದ ನನ್ಹತ್ರ ನಾಕು ಮಾತು ನೆಟ್ಟಗಾಡಿಲ್ಲ ಈ ಎತ್ತು, ಅಲ್ಲೋಗಿ ಅಂಬಾ ಅಂತೈತಲ್ಲ.”

ಇದೇ ಗಳಿಗೆಯಲ್ಲಿ ಹಾಲಸ್ವಾಮಿಯವರ ಜೇಬಿನ ಫೋನು ಬಡಿದುಕೊಂಡಿತು. ದಂಡಿನಶಿವರದ ಗಂಗರಾಜು. ಅವನ ದನಿ ಫೋನಿನಿಂದ ಆಚೆಗೂ ಕೇಳುವಷ್ಟಿತ್ತು.

“ಎಲ್ಲಿ ಸ್ವಾಮಿ? ಮಗನ ಫೋನ್ ಹಿಡ್ಕೊಂಡು ಕೂತಿದೀನಿ. ಬರೀ ಒಂದು ಚಕ್ರ ಗಿರಗಿರ ತಿರುಗ್ತೈತೆ, ನೀನು ಕಾಣ್ತಿಲ್ಲ.”

“ಬತ್ತೀನಿ ಇರಪ್ಪ, ಬತ್ತೀನಿ.”

“ಅಂಬಾ...” ಎಂದಿತು ಲ್ಯಾಪ್‌ಟಾಪು.

“ಏನದು, ಎಮ್ಮೆ ಕೂಗ್ತೈತೆ ನಡುಮನೇಲಿ? ಈಯೋ ಹಂಗೈತಾ?”

ಹಾಲಸ್ವಾಮಿಯವರು ಫೋನನ್ನು ಎದೆಗೆ ಒತ್ತಿ ಹಿಡಿದು ಸೊಸೆಯ ಕಡೆ ತಿರುಗಿದರು. ಕಿವಿಯ ತುದಿ ಕೆಂಪಾಗಿತ್ತು. “ಮೊದ್ಲು ಅದನ್ನ ಇಳಿಸಮ್ಮ.”

“ಮಾವ, ಇದೊಂದೇ ಇರೋದು. ಫೋನಲ್ಲೂ ಇಲ್ಲ...”

“ಇಳಿಸಮ್ಮ ಅಂದೆ.”

ಅಳಿಸಿದಳು. ಬ್ರೌಸರ್ ಒತ್ತಿದಳು. ಅದೇ ದೂರಿನ ಚೌಕಟ್ಟು ಮತ್ತೆ ಬಂದು ಕೂತಿತು.

ಯಾಕೆಂದು ಯೋಚಿಸಲು ಒಂದು ಕ್ಷಣ ಬೇಕಾಯಿತು. ಅಳಿಸಿದ್ದು ಕಸದ ಬುಟ್ಟಿಗೆ ಹೋಗಿತ್ತು, ಬುಟ್ಟಿ ಮನೆಯೊಳಗೇ ಇತ್ತು. ಅಟ್ಟದಿಂದ ಕಾಯಿ ಇಳಿಸಿ ಏಣಿಯ ಮೆಟ್ಟಿಲ ಮೇಲೆ ಸುರಿದ ಹಾಗೆ. ಬುಟ್ಟಿ ಖಾಲಿ ಮಾಡೆಂದು ಒತ್ತಿದಳು. ಪರದೆ ಕೇಳಿತು, ಇದು ಮತ್ತೆ ಸಿಗುವುದಿಲ್ಲ, ಮಾಡಲೇ?

ಲಿಖಿತಾಳ ಬೆರಳು ಅಲ್ಲೇ ನಿಂತಿತು. ಇಂಪನಾ ಅಮ್ಮನ ತೋಳಿನ ಕೆಳಗಿಂದ ತಲೆ ತೂರಿಸಿ, “ಎತ್ತು ಹೋಗುತ್ತಾ ಅಮ್ಮ?” ಎಂದಳು.

“ಒತ್ತಮ್ಮ. ಗಂಗರಾಜು ಕಾಯ್ತಾವ್ನೆ” ಎಂದರು ಹಾಲಸ್ವಾಮಿಯವರು, ಗೋಡೆಯ ಕಡೆ ನೋಡುತ್ತಾ.

ಒತ್ತಿದಳು. ಆಮೇಲೆ ಪಕ್ಕಕ್ಕೆ ಸರಿಸಿದ್ದ ಪ್ರೊಫೈಲನ್ನು ಅದರ ಜಾಗಕ್ಕೆ ತಂದಿಟ್ಟು ಬ್ರೌಸರ್ ಹಚ್ಚಿದಳು. ಅದು ಇಣುಕಲಿಲ್ಲ, ಅಳುಕಲಿಲ್ಲ, ಏನೂ ಆಗಿಲ್ಲವೆಂಬಂತೆ ಅಂಗಳದಷ್ಟು ಅಗಲಕ್ಕೆ ತೆರೆದುಕೊಂಡಿತು. ಬಳಗದ ಕೊಂಡಿ ಒತ್ತಿದರೆ ಆ ಕಡೆಯ ನಿರೂಪಕಿ, “ಬಂದ್ರು, ಬಂದ್ರು, ಹಾಲಸ್ವಾಮಿಯವರು ಬಂದ್ರು” ಎಂದಳು.

ಹಾಲಸ್ವಾಮಿಯವರು ಚೆನ್ನಾಗಿ ಮಾತನಾಡಿದರು. ಮಹಿಳೆಯರು ಮೊದಲೋ ಮಹನೀಯರು ಮೊದಲೋ ಎಂಬುದನ್ನು ಬಿಟ್ಟು ನೇರವಾಗಿ, “ಎಲ್ರಿಗೂ ಶರಣು” ಎಂದು ಶುರುಮಾಡಿದರು. ಹಲಗೆಯ ಸಂದಿನಲ್ಲಿ ಗಾಳಿ ಹೇಗೆ ಆಡಬೇಕು, ಇಲಿ ಬಂದರೆ ಏನು ಮಾಡಬೇಕು, ಕಾಯಿಯನ್ನು ಅವಸರಕ್ಕೆ ಒಡೆದವನಿಗೆ ಏನು ಸಿಗುತ್ತದೆ, ಎಲ್ಲ ಹೇಳಿದರು. ಎದುರಿಗೆ ಒಂದು ತೆಂಗಿನಕಾಯಿ ಹಿಡಿದು ಅಲ್ಲಾಡಿಸಿದಾಗ, ಹಾಸನದ ಆಚೆಯ ಯಾರೋ ತಮ್ಮ ಕಂಪ್ಯೂಟರಿಗೆ ಕಿವಿಯಿಟ್ಟು ಕೇಳುವುದು ಪರದೆಯ ಮೂಲೆಯ ಚೌಕದಲ್ಲಿ ಕಂಡಿತು. ಲಿಖಿತಾ ಪಕ್ಕದಲ್ಲಿ ನಿಂತು ಹೆಮ್ಮೆಯಿಂದ ಉಸಿರು ಬಿಟ್ಟಳು. ಬಿಟ್ಟದ್ದು ತುಸು ಬೇಗವಾಯಿತು.

“ಕೊನೇದಾಗಿ ಒಂದು ಮಾತು” ಎಂದರು ಮಾವ. “ಹೊಸ ಕಾಯಿ ಹತ್ಸೋಕೆ ಮುಂಚೆ ಹಳೇದು ಇಳಿಸ್ಬೇಕು. ಇವತ್ತು ಬೆಳಿಗ್ಗೆ ನಮ್ಮನೆ ಕಂಪ್ಯೂಟರ್ರೂ ಅಟ್ಟ ತುಂಬಿ ಮುಗ್ಗರಿಸ್ತು. ಯಾರ ಸಾಮಾನಿಂದ ಅಂತ ನಾನು ಹೇಳಕ್ಕೋಗಲ್ಲ.”

“ನಮ್ಮಮ್ಮಂದು” ಎಂದಿತು ಮಂಚದ ಹಿಂದಿನಿಂದ ಒಂದು ಸಣ್ಣ ದನಿ. ಮೈಕು ಲ್ಯಾಪ್‌ಟಾಪಿನದು, ಕಲಗಚ್ಚಿಗೆ ಬಿದ್ದದ್ದಲ್ಲ. ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಸಂಜೆ ಭುವನ್ ಬರುವ ಮುಂಚೆಯೇ ಗಂಗರಾಜುವಿನಿಂದ ಹಿಡಿದು ಮಾಯಸಂದ್ರದ ಬೀಗರವರೆಗೆ ಎಲ್ಲರೂ ಫೋನು ಮಾಡಿ ಹೊಗಳಿಯಾಗಿತ್ತು. ಲಿಖಿತಾ ಹಿತ್ತಿಲ ಕಟ್ಟೆಯ ಮೇಲೆ ಲ್ಯಾಪ್‌ಟಾಪಿಟ್ಟುಕೊಂಡು, ಸೀನುಗಳ ಪೈಕಿ ಒಂದನ್ನು ಉಳಿಸಿ ಉಳಿದದ್ದನ್ನು ಇಳಿಸುತ್ತಾ ಕೂತಿದ್ದಳು. ಅಳಿಸಿದ್ದನ್ನು ಮತ್ತೆ ತರುವ ಉಪಾಯಗಳನ್ನೆಲ್ಲ ಮಧ್ಯಾಹ್ನವೇ ಮಾಡಿ ಸೋತಿದ್ದಳು. ಎತ್ತು ಹೋದದ್ದು ಹೋಗಿತ್ತು. ಇನ್ನು ಯಾರ ಮುಂದೆಯೂ ಲಿನಕ್ಸಿನ ಪ್ರತಾಪ ಹೇಳಬಾರದೆಂದೂ ತೀರ್ಮಾನಿಸಿದ್ದಳು.

ಹಿಂದೆ ಯಾರೋ ಕೆಮ್ಮಿದರು. ಹಾಲಸ್ವಾಮಿಯವರು. ಬಿಳಿ ಪಂಚೆ ಹೋಗಿ ತೋಟದ ಪಂಚೆ ಬಂದಿತ್ತು.

“ನಿಮ್ಮತ್ತೆ ಡೈರಿಗೆ ಹಾಲು ಹಾಕಕ್ಕೋದ್ಲು” ಎಂದರು, ಕೇಳದೇ ಇದ್ದರೂ. ಸ್ವಲ್ಪ ಹೊತ್ತು ತೆಂಗಿನ ಮರಗಳ ನೆತ್ತಿ ನೋಡಿದರು. “ಅದು... ಬುಟ್ಟಿಯಿಂದ ವಾಪಸ್ ಬರಕ್ಕಿಲ್ವೇನಮ್ಮ?”

“ಇಲ್ಲ ಮಾವ. ಮಧ್ಯಾಹ್ನ ಎಲ್ಲಾ ನೋಡ್ದೆ. ತಪ್ಪು ನನ್ನದೇ, ಅಷ್ಟೆಲ್ಲಾ ತುಂಬಬಾರದಿತ್ತು.”

“ನಿಂದಲ್ಲ ಬುಡು. ಇಳಿಸು ಅಂದೋನು ನಾನು.” ಮತ್ತೆ ಮರದ ನೆತ್ತಿ. “ನಿನ್ನ ಫೋನಲ್ಲಿ ಚಿತ್ರ ಬೀಳುತ್ತಾ ಈಗ?”

“ಬೀಳುತ್ತೆ ಮಾವ. ಸದ್ದು ಮಾತ್ರ ಬರಲ್ಲ. ಮೈಕ್ ಹೋಗಿದೆಯಲ್ಲ.”

“ಸದ್ದು ಬರಲ್ವಾ?” ಹಾಲಸ್ವಾಮಿಯವರ ಮುಖ, ಅಲ್ಲಾಡಿಸಿದ ಕಾಯಿ ಸರಿಯಾಗಿ ಗುಡುಗುಡು ಎಂದಾಗ ಆಗುವ ಹಾಗೆ ಆಯಿತು. “ಹಂಗಾದ್ರೆ ಇನ್ನೂ ಒಳ್ಳೇದೇ ಆಯ್ತು.”

ಅವರು ನೋಡಿದ ಕಡೆ ಲಿಖಿತಾಳೂ ನೋಡಿದಳು. ಬಾವಿಯ ಪಕ್ಕ ಅಗಲವಾದ ಹೊಸ ಸೋಗೆಯೊಂದು ಬಿದ್ದಿತ್ತು. ತಾನಾಗಿ ಬಿದ್ದದ್ದಲ್ಲ, ಯಾರೋ ಆರಿಸಿ ಎಳೆದು ತಂದು ದಿಂಡಿನ ಚೂಪು ಸವರಿ ಇಟ್ಟದ್ದು. ಅದರ ಮೇಲೆ ಇಂಪನಾ ಕಡ್ಡಿ ಹಿಡಿದು ಆಗಲೇ ಕೂತಾಗಿತ್ತು.

ಹಾಲಸ್ವಾಮಿಯವರು ಪಂಚೆ ಎತ್ತಿ ಕಟ್ಟುತ್ತಾ, ದನಿ ತಗ್ಗಿಸಿ ಹೇಳಿದರು.

“ನಿಮ್ಮತ್ತೆ ಬರೋದ್ರೊಳಗೆ ಒಂದು ಉಪಕಾರ ಮಾಡಮ್ಮ. ಇನ್ನೊಂದ್ಸಲ ತೆಗ್ದುಬುಡು. ಈ ಸಲ ನಿಲ್ಸೋದು ಮಾತ್ರ ಮರೀಬ್ಯಾಡ. ಅಟ್ಟ ತುಂಬ್ತದೆ.”